ರಕ್ತಕ್ಕೆ ರಜೆಯ ಲೆಕ್ಕ ಗೊತ್ತಿಲ್ಲ

ರೋಗವನ್ನು ಎದುರಿಸುವ ಶಕ್ತಿ ಮನುಷ್ಯನ ರಕ್ತದಲ್ಲಿ ಒಮ್ಮೆ ಬರಿದಾದರೆ ಮತ್ತೆ ತುಂಬಿಕೊಳ್ಳಲು ಎಷ್ಟು ಕಾಲ ಬೇಕು? ಒಂದರಿಂದ ಎರಡು ವರ್ಷ ಎನ್ನುತ್ತದೆ ವೈದ್ಯಶಾಸ್ತ್ರ. 91 ದಿನ ಸಾಕು ಎನ್ನುತ್ತದೆ ಇ.ಎಸ್.ಐ. ನಿಯಮ. 15 ದಿನ ಸಾಕು ಎನ್ನುತ್ತದೆ ಬಡವರಿಗಾಗಿ ಮಾಡಿದ ಆರೋಗ್ಯ ಯೋಜನೆ. ಮೂರು ಲೆಕ್ಕಗಳೂ ಸರಿಯಾಗಿರಲು ಸಾಧ್ಯವಿಲ್ಲ. ದೇಹವಂತೂ ಸುಳ್ಳು ಹೇಳುವುದಿಲ್ಲ. ಹಾಗಾದರೆ ಸುಳ್ಳು ಲೆಕ್ಕ ಬರೆದವರು ಯಾರು? ಅದರ ನಷ್ಟವನ್ನು ತುಂಬುವವರು ಯಾರು? ಇದನ್ನೇ ನಾವು ಈ ವಾರ ಕೇಳಬೇಕೆಂದಿದ್ದೇವೆ.

ಸಂಬಳ, ಬೋನಸ್ಸು, ಅಂಗಡಿಯ ಬಾಡಿಗೆ, ತೆರಿಗೆ ಇವೆಲ್ಲ ತಲೆಯ ಮೇಲೆ ಕುಳಿತಿರುವಾಗ ಬಾಯಿಗೆ ಹೆಸರೇ ಬಾರದ ಒಂದು ಕಾಯಿಲೆಯ ಮಾತೇಕೆ ಎಂದು ವಾಚಕರು ಕೇಳಬಹುದು. ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂ.ಎಸ್. ಇದು ಪರದೇಶದ ಬಿಳಿಯರ ಕಾಯಿಲೆ, ನಮ್ಮಲ್ಲಿಲ್ಲ ಎಂದು ಬಹಳ ಕಾಲ ಹೇಳುತ್ತಿದ್ದರು. ಆ ಮಾತು ಪೊಳ್ಳೆಂದು ತೋರಿಸಿದವರಲ್ಲಿ ನಮ್ಮ ಮಂಗಳೂರಿನವರೇ ಇದ್ದಾರೆ. ಇಲ್ಲಿಯ ಕೆ.ಎಸ್. ಹೆಗ್ಡೆ ವೈದ್ಯಕೀಯ ಸಂಸ್ಥೆಯ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಅವರ ಜೊತೆಯವರು ಮಂಗಳೂರು ನಗರದಲ್ಲಿಯೇ ಈ ರೋಗಿಗಳನ್ನು ಹುಡುಕಿ ಎಣಿಸಿದರು. 2014ರಲ್ಲಿ ಅವರ ಲೆಕ್ಕ ಪ್ರಕಟವಾಯಿತು: ಲಕ್ಷ ಜನರಿಗೆ ಸುಮಾರು 8 ಮಂದಿ. ಸಂಖ್ಯೆ ಚಿಕ್ಕದು, ನಿಜ. ಆದರೆ ಈ ಕಾಯಿಲೆ ಹೆಚ್ಚಾಗಿ ಹಿಡಿಯುವುದು 20ರಿಂದ 40ರೊಳಗಿನ ವಯಸ್ಸಿನವರನ್ನು, ಗಂಡಸರಿಗಿಂತ ಹೆಂಗಸರನ್ನು. ಅಂದರೆ ದುಡಿಯುವ ಕೈಗಳನ್ನು, ಎಳೆಯ ಮಕ್ಕಳ ತಾಯಂದಿರನ್ನು.

ಕಾಯಿಲೆ ಏನು ಮಾಡುತ್ತದೆ?

ನಮ್ಮ ನರಗಳ ಮೇಲೆ ವಿದ್ಯುತ್ ತಂತಿಯ ಮೇಲಿನ ರಬ್ಬರಿನಂತೆ ಒಂದು ಕೊಬ್ಬಿನ ಹೊದಿಕೆ ಇದೆ. ರಕ್ತದಲ್ಲಿರುವ ಬಿಳಿಕಣಗಳು ರೋಗಾಣುಗಳೊಡನೆ ಹೋರಾಡಬೇಕಾದವು. ಎಂ.ಎಸ್. ರೋಗದಲ್ಲಿ ಅವು ಹಾದಿ ತಪ್ಪಿ, ಮಿದುಳು ಮತ್ತು ಬೆನ್ನುಹುರಿಯಲ್ಲಿರುವ ಈ ಹೊದಿಕೆಯನ್ನೇ ಕಿತ್ತು ತಿನ್ನುತ್ತವೆ. ಊರು ಕಾಯಬೇಕಾದ ಪೊಲೀಸರು ಊರವರ ಮೇಲೆಯೇ ಲಾಠಿ ಬೀಸಿದಂತೆ. ಒಬ್ಬರಿಗೆ ಕಣ್ಣು ಮಂಜಾಗುತ್ತದೆ, ಒಬ್ಬರಿಗೆ ಕಾಲು ಜೋಮು ಹಿಡಿಯುತ್ತದೆ, ಒಬ್ಬರಿಗೆ ಮೂತ್ರ ನಿಲ್ಲುವುದಿಲ್ಲ. ಸ್ವಲ್ಪ ಗುಣವಾದಂತೆ ಕಂಡು ಮತ್ತೆ ಮರುಕಳಿಸುತ್ತದೆ. ಸೆಕೆ ಹೆಚ್ಚಾದರೆ ತೊಂದರೆಯೂ ಹೆಚ್ಚುತ್ತದೆ. ಗೋಡಂಬಿ ಹುರಿಯುವ ಶೆಡ್ಡಿನಲ್ಲಿ, ಹೆಂಚಿನ ಭಟ್ಟಿಯ ಬದಿಯಲ್ಲಿ ನಿಂತು ಕೆಲಸ ಮಾಡುವವರಿಗೆ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಔಷಧಗಳಿವೆ. ಕ್ಯಾನ್ಸರಿಗೆಂದು ಬಂದ ರಿಟುಕ್ಸಿಮ್ಯಾಬ್ ಎಂಬ ಮದ್ದನ್ನು ಎಂ.ಎಸ್. ರೋಗಕ್ಕೂ ಅಗತ್ಯ ಔಷಧವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. 2007ರಿಂದ ಇದು ಹೈದರಾಬಾದಿನಲ್ಲಿಯೇ ತಯಾರಾಗುತ್ತಿದೆ. ಹೆಚ್ಚಿನ ರೋಗಿಗಳಿಗೆ ಔಷಧವೇ ದಾರಿ. ಆದರೆ ಔಷಧಕ್ಕೆ ಬಗ್ಗದೆ ರೋಗ ಮೇಲೆ ಮೇಲೆ ಎರಗುವ ಕೆಲವರಿಗೆ ಇನ್ನೊಂದು ಚಿಕಿತ್ಸೆ ಇದೆ. ನಮ್ಮ ಪ್ರಶ್ನೆ ಹುಟ್ಟುವುದು ಅಲ್ಲಿಂದ.

ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವುದು

ಗ್ರೀಸ್ ದೇಶದ ಥೆಸಲೋನಿಕಿ ನಗರದಲ್ಲಿ ಡಾ. ಫಾಸ್ಸಾಸ್ ಮತ್ತು ಸಂಗಡಿಗರು 1995ರಲ್ಲಿ ಈ ಚಿಕಿತ್ಸೆಯನ್ನು ಎಂ.ಎಸ್. ರೋಗಿಗಳಿಗೆ ಆರಂಭಿಸಿದರು. ಮೊದಲು ರೋಗಿಯ ಅಸ್ಥಿಮಜ್ಜೆಯಲ್ಲಿರುವ ಸ್ಟೆಮ್ ಸೆಲ್‌ಗಳನ್ನು, ಅಂದರೆ ರಕ್ತಕಣಗಳೆಲ್ಲ ಹುಟ್ಟುವ ತಾಯಿಕಣಗಳನ್ನು, ಔಷಧ ಕೊಟ್ಟು ರಕ್ತಕ್ಕೆ ಇಳಿಸುತ್ತಾರೆ. ಅವನ್ನು ಯಂತ್ರದಿಂದ ಸೋಸಿ ತೆಗೆದು ಶೀತದಲ್ಲಿ ಇಡುತ್ತಾರೆ. ಆಮೇಲೆ ಕ್ಯಾನ್ಸರಿಗೆ ಕೊಡುವಂತಹ ಉಗ್ರ ಔಷಧ ಕೊಟ್ಟು ಹಾದಿ ತಪ್ಪಿದ ಬಿಳಿಕಣಗಳ ದಂಡನ್ನು ಅಳಿಸುತ್ತಾರೆ. ಕೊನೆಗೆ ತೆಗೆದಿಟ್ಟ ತಾಯಿಕಣಗಳನ್ನು ಅದೇ ರೋಗಿಗೆ ಮರಳಿ ಏರಿಸುತ್ತಾರೆ. ನಮ್ಮ ದೇಶದಲ್ಲಿ ಅಸ್ಥಿಮಜ್ಜೆಯ ಕಸಿ ಹೊಸತಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರಲ್ಲಿ, ವೆಲ್ಲೂರಿನಲ್ಲಿ 1986ರಲ್ಲಿ ಆರಂಭವಾಯಿತು. ಆಗ ಅದು ರಕ್ತದ ಕಾಯಿಲೆಗಳಿಗೆ.

ಫಲವೇನು? 2019ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 110 ರೋಗಿಗಳನ್ನು ಸಮನಾಗಿ ಎರಡು ಗುಂಪು ಮಾಡಿದರು. ಔಷಧ ಪಡೆದ 55 ಮಂದಿಯಲ್ಲಿ 34 ಮಂದಿಗೆ ರೋಗ ಮುಂದುವರಿಯಿತು. ಕಸಿ ಮಾಡಿಸಿಕೊಂಡ 55 ಮಂದಿಯಲ್ಲಿ 3 ಮಂದಿಗೆ ಮಾತ್ರ. ಯಾರೂ ಸಾಯಲಿಲ್ಲ. ಹೋಲಿಕೆಗೆ ತೆಗೆದುಕೊಂಡ ಔಷಧಗಳಲ್ಲಿ ಎಲ್ಲಕ್ಕಿಂತ ಬಲವಾದವು ಇರಲಿಲ್ಲವೆಂಬುದನ್ನೂ ಹೇಳಬೇಕು. ಇನ್ನೊಂದು ಮಗ್ಗುಲನ್ನೂ ನಾವು ಮುಚ್ಚಿಡುವುದಿಲ್ಲ. 1995ರಿಂದ 2006ರ ತನಕ ಹಲವು ದೇಶಗಳಲ್ಲಿ ಕಸಿ ಮಾಡಿಸಿಕೊಂಡ 281 ಮಂದಿಯ ಲೆಕ್ಕ 2017ರಲ್ಲಿ ಹೊರಬಂತು. ಅವರಲ್ಲಿ 8 ಮಂದಿ ನೂರು ದಿನಗಳೊಳಗೆ ತೀರಿಹೋಗಿದ್ದರು. ಆಮೇಲಿನ ವರ್ಷಗಳಲ್ಲಿ ಸಾವು ಬಹಳ ಕಡಿಮೆಯಾಗಿದೆ. ರೋಗಿಯನ್ನು ಆರಿಸುವುದರಲ್ಲಿ, ಕಾಯುವುದರಲ್ಲಿ ಎಚ್ಚರ ಹೆಚ್ಚಿದ್ದು ಇದಕ್ಕೆ ಕಾರಣ. ಕಾಯುವುದು ಎಂಬ ಮಾತಿನ ಮೇಲೆ ವಾಚಕರು ಗಮನವಿಡಬೇಕು.

ಭಟ್ಟಿಗೆ ಬೆಂಕಿ ಹಾಕಿದೊಡನೆ ಹೆಂಚು ಬರುವುದೇ?

ಕಸಿಯಾದ ಎರಡು ವಾರಗಳೊಳಗೆ ಒಂದು ಜಾತಿಯ ಬಿಳಿಕಣ ರಕ್ತದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಜ್ವರ ಇಳಿಯುತ್ತದೆ, ಊಟ ಸೇರುತ್ತದೆ. ಆಸ್ಪತ್ರೆಯವರು ಮನೆಗೆ ಕಳುಹಿಸುತ್ತಾರೆ. ನೆರೆಯವರು ‘ಗುಣವಾಯಿತಂತೆ’ ಎನ್ನುತ್ತಾರೆ. ಮೇಸ್ತ್ರಿ ‘ಯಾವಾಗ ಕೆಲಸಕ್ಕೆ?’ ಎಂದು ಕೇಳಿಸುತ್ತಾನೆ. ಅಪಾಯ ಇರುವುದೇ ಇಲ್ಲಿ.

ಬಂದಿರುವುದು ಬಾಗಿಲ ಕಾವಲುಗಾರ ಮಾತ್ರ. ಬ್ಯಾಕ್ಟೀರಿಯಾಗಳನ್ನು ಕಂಡಲ್ಲಿ ಹಿಡಿಯುವುದು ಅವನ ಕೆಲಸ. ಆದರೆ ವೈರಸ್ಸುಗಳನ್ನು, ಕ್ಷಯದಂತಹ ಅಡಗಿ ಕೂರುವ ರೋಗಾಣುಗಳನ್ನು ಗುರುತಿಸಿ ನೆನಪಿಡುವ ಕಣಗಳು ಬೇರೆ. ಪ್ರತಿವಸ್ತುಗಳನ್ನು ತಯಾರಿಸುವ ಬಿ ಕಣಗಳು ಮರಳಲು ಆರು ತಿಂಗಳಿಂದ ಒಂದು ವರ್ಷ ಬೇಕು. ಇಡೀ ದಂಡಿಗೆ ಅಪ್ಪಣೆ ಕೊಡುವ ಸಿಡಿ4 ಎಂಬ ಟಿ ಕಣಗಳು ಎಲ್ಲರಿಗಿಂತ ಕೊನೆಯವು. ಅವು ಸಾಕಷ್ಟಾಗಲು ಒಂದು ವರ್ಷ, ಹಲವರಿಗೆ ಎರಡು ವರ್ಷ. ಎದೆಯ ಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿಯೊಂದಿದೆ. ಹೊಸ ಟಿ ಕಣಗಳೆಲ್ಲ ಆ ಶಾಲೆಯಲ್ಲಿ ಪಾಸಾಗಿಯೇ ಬರಬೇಕು. ಸ್ವಂತ ದೇಹದ ಮೇಲೆ ಕೈಯೆತ್ತುವವನು ಅಲ್ಲಿ ನಪಾಸು. ಪಾವೊಲೊ ಮುರಾರೊ ಮತ್ತು ಸಂಗಡಿಗರು ಕಸಿಯಾದ ಎಂ.ಎಸ್. ರೋಗಿಗಳನ್ನು ಎರಡು ವರ್ಷ ಪರೀಕ್ಷಿಸಿ 2005ರಲ್ಲಿ ತೋರಿಸಿದ್ದು ಇದನ್ನೇ. ಅವರ ರಕ್ತದಲ್ಲಿ ಥೈಮಸ್ಸಿನಿಂದ ಹೊಸದಾಗಿ ಬಂದ ಬಗೆಬಗೆಯ ಟಿ ಕಣಗಳು ತುಂಬಿಕೊಂಡಿದ್ದವು. ಹಳೆಯ ದಂಡು ಮರಳಿ ಬರದೆ ಹೊಸ ದಂಡು ಕಟ್ಟಿಕೊಂಡಿತ್ತು. ಚಿಕಿತ್ಸೆಯ ಗುಟ್ಟೇ ಅದು.

ಆದುದರಿಂದ ಈ ನಿಧಾನವು ಚಿಕಿತ್ಸೆಯ ದೋಷವಲ್ಲ, ನಿಧಾನವೇ ಚಿಕಿತ್ಸೆ. ಹೆಂಚಿನ ಕಾರ್ಖಾನೆಯಲ್ಲಿ ದುಡಿದವರಿಗೆ ಇದು ಅರ್ಥವಾಗುತ್ತದೆ. ಮಣ್ಣು ತುಳಿಯಬೇಕು, ಅಚ್ಚು ಒತ್ತಬೇಕು, ನೆರಳಿನಲ್ಲಿ ಒಣಗಿಸಬೇಕು, ಆಮೇಲೆ ಸುಡಬೇಕು. ಭಟ್ಟಿಗೆ ಬೆಂಕಿ ಹಾಕಿದ ದಿನವೇ ಲಾರಿ ತಂದು ನಿಲ್ಲಿಸಿ ಹೆಂಚು ಕೇಳುವ ಸಾಹುಕಾರನನ್ನು ನೀವು ಏನೆಂದು ಕರೆಯುವಿರಿ? ನಮ್ಮ ನಿಯಮಗಳು ಆ ಸಾಹುಕಾರನ ಹಾಗೆ ವರ್ತಿಸುತ್ತಿವೆ.

ಈ ಎರಡು ವರ್ಷ ರೋಗಿ ಹೇಗಿರಬೇಕು? ಶ್ವಾಸಕೋಶಕ್ಕೆ ಸೋಂಕು ತಗಲದಂತೆ ತಿಂಗಳುಗಟ್ಟಲೆ ಗುಳಿಗೆ, ಸರ್ಪಸುತ್ತು ಏಳದಂತೆ ಇನ್ನೊಂದು ಗುಳಿಗೆ. ಆಗಾಗ ರಕ್ತಪರೀಕ್ಷೆ. ಧೂಳಿನಿಂದ, ಬೂಷ್ಟಿನಿಂದ, ಜನಸಂದಣಿಯಿಂದ ದೂರ. ಸೊಳ್ಳೆಯಿಂದ, ಕೊಳಚೆ ನೀರಿನಿಂದ ದೂರ. ಹಿಂದೆ ಹಾಕಿಸಿದ್ದ ಲಸಿಕೆಗಳ ನೆನಪು ಹಳೆಯ ಕಣಗಳೊಡನೆ ಅಳಿದುಹೋಗಿರಬಹುದಾದ ಕಾರಣ ಧನುರ್ವಾಯು, ನಾಯಿಕೆಮ್ಮು, ಪೋಲಿಯೋ, ನ್ಯುಮೋನಿಯಾ ಲಸಿಕೆಗಳನ್ನು ಮೊದಲಿನಿಂದ ಹಾಕಿಸಬೇಕು. ದಡಾರದಂತಹ ಜೀವಂತ ಲಸಿಕೆಯನ್ನು ಎರಡು ವರ್ಷ ತುಂಬುವ ತನಕ ಹಾಕುವಂತಿಲ್ಲ. ಮೂವತ್ತು ವರ್ಷದ ಹೆಂಗಸು ರಕ್ತದ ಲೆಕ್ಕದಲ್ಲಿ ಕೈಗೂಸು!

ಆ ಕೈಗೂಸು ಹೋಗಬೇಕಾದದ್ದು ಎಲ್ಲಿಗೆ? ಬಂದರದ ಧಾನ್ಯದ ಗೋದಾಮಿಗೆ, ಕೊಬ್ಬರಿಯ ಬೂಷ್ಟು ಹಾರುವ ಮಂಡಿಗೆ, ಒಣಮೀನಿನ ಅಂಗಡಿಗೆ, ಗೋಡಂಬಿ ಸಿಪ್ಪೆಯ ಧೂಳಿಗೆ, ಕಾಲಿಡಲು ಜಾಗವಿಲ್ಲದ ಬಸ್ಸಿಗೆ. ಮಳೆಗಾಲದಲ್ಲಿ ಇಲಿಜ್ವರ ನಮಗೆ ಹೊಸದಲ್ಲ. ಮಲೇರಿಯಾ 1990ರ ದಶಕದಿಂದ ಈ ನಗರವನ್ನು ಕಾಡಿದೆ. 2019ರ ಮಳೆಗಾಲದಲ್ಲಿ ಡೆಂಗಿ ಏನು ಮಾಡಿತೆಂಬುದನ್ನು ಯಾರೂ ಮರೆತಿಲ್ಲ. ಶ್ರೀಮಂತ ರೋಗಿಗೆ ಬೇರೆ ಕೋಣೆ, ಸೋಸಿದ ನೀರು, ಮನೆಯ ಕಾರು ಇದೆ. ಒಂದೇ ಕೋಣೆಯಲ್ಲಿ ಆರು ಮಂದಿ ಮಲಗುವ ಮನೆಯವರಿಗೆ ಏನಿದೆ? ಕಸಿ ಇಬ್ಬರಿಗೂ ಒಂದೇ. ಬದುಕುಳಿಯುವ ಅವಕಾಶ ಒಂದೇ ಅಲ್ಲ.

ಕಾಯಿದೆಯ ಗಡಿಯಾರ

ಈಗ ನಿಯಮಗಳನ್ನು ನೋಡೋಣ. 1948ರ ಕಾಯಿದೆಯಿಂದ ಹುಟ್ಟಿದ ಇ.ಎಸ್.ಐ. ಯೋಜನೆಯಲ್ಲಿ ಕಾರ್ಮಿಕನ ದುಡ್ಡಿದೆ. ತಿಂಗಳು ತಿಂಗಳು ಸಂಬಳದಿಂದ ಮುರಿದ ದುಡ್ಡು. ಕಾಯಿಲೆ ಬಿದ್ದರೆ ಸಂಬಳದ ನೂರಕ್ಕೆ 70 ಪಾಲು ವರ್ಷಕ್ಕೆ ಹೆಚ್ಚೆಂದರೆ 91 ದಿನ ದೊರೆಯುತ್ತದೆ. ತಾಯಿಕಣ ತೆಗೆಯುವುದಕ್ಕೆ ಹತ್ತು ಹದಿನೈದು ದಿನ, ಕಸಿಗೆ ಆಸ್ಪತ್ರೆಯಲ್ಲಿ ಸುಮಾರು ನಾಲ್ಕು ವಾರ ಕಳೆದರೆ ಕೈಯಲ್ಲಿ ಉಳಿಯುವುದು ಐವತ್ತು ದಿನ. ಐವತ್ತು ದಿನ ಮುಗಿದಾಗ ಸಿಡಿ4 ಕಣಗಳು ಇನ್ನೂ ಶಾಲೆಯ ಮೆಟ್ಟಿಲು ಹತ್ತಿರುವುದಿಲ್ಲ.

ದೀರ್ಘ ಕಾಯಿಲೆಗೆ ಬೇರೆ ಸೌಲಭ್ಯವಿದೆಯಲ್ಲ ಎಂದು ಅಧಿಕಾರಸ್ಥರು ಹೇಳಬಹುದು. ಇದೆ. ಪಟ್ಟಿಯಲ್ಲಿರುವ 34 ಕಾಯಿಲೆಗಳಿಗೆ ನೂರಕ್ಕೆ 80 ಪಾಲು ಎರಡು ವರ್ಷಗಳ ತನಕ. ಒಳ್ಳೆಯ ನಿಯಮ, ನಾವು ಅಲ್ಲಗಳೆಯುವುದಿಲ್ಲ. ಆದರೆ ಅದು ಕಾಯಿಲೆಗಳ ಹೆಸರಿನ ಪಟ್ಟಿ. ಪಾರ್ಶ್ವವಾಯು ಅದರಲ್ಲಿದೆ, ಎರಡೂ ಕಾಲು ಬಿದ್ದುಹೋಗುವುದು ಅದರಲ್ಲಿದೆ. ಕಸಿಯ ಮೇಲೆ ರಕ್ತದ ಶಕ್ತಿ ಮರಳುವ ಕಾಲ ಎಂಬ ಸಾಲು ಅದರಲ್ಲಿಲ್ಲ. ಎಂತಹ ವಿಚಿತ್ರ ನೋಡಿ! ಕಾಲು ಬಿದ್ದುಹೋದವನಿಗೆ ಹಣ ಉಂಟು. ಕಾಲು ಬೀಳದಂತೆ ಜೀವವನ್ನೇ ಪಣವಿಟ್ಟು ಚಿಕಿತ್ಸೆ ಮಾಡಿಸಿಕೊಂಡವನು ಅರ್ಜಿ ಹಿಡಿದು ನಿಲ್ಲಬೇಕು. ಪಟ್ಟಿಯ ಹೊರಗಿನ ಅಪರೂಪದ ಕಾಯಿಲೆಗಳಿಗೂ ಮಂಜೂರು ಮಾಡುವ ಅಧಿಕಾರ ಮೇಲಧಿಕಾರಿಗಳಿಗಿದೆಯಂತೆ. ನಾವು ಕೇಳುವುದು ಮೇಲಧಿಕಾರಿಯ ದಯೆಯಲ್ಲ, ಹಕ್ಕು. ಈ ಸೌಲಭ್ಯಕ್ಕೆ ಎರಡು ವರ್ಷಗಳ ಸತತ ನೌಕರಿಯೂ ಬೇಕು. ವರ್ಷಕ್ಕೊಮ್ಮೆ ಹೆಸರು ತೆಗೆದು ಹೆಸರು ಸೇರಿಸುವ ಗುತ್ತಿಗೆದಾರನ ಕೈಕೆಳಗಿನವರ ಗತಿಯೇನು?

ಇ.ಎಸ್.ಐ. ಇಲ್ಲದ ಬಡವರಿಗೆ 2018ರಲ್ಲಿ ಬಂದ ಆಯುಷ್ಮಾನ್ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಮಾತು ಹೇಳುತ್ತದೆ. ದೊಡ್ಡ ಅಕ್ಷರದ ಫಲಕ! ಆದರೆ ಮನೆಗೆ ಕಳುಹಿಸಿದ ಮೇಲಿನ ಔಷಧ, ತಪಾಸಣೆಗಳಿಗೆ ಅದರ ಹೊಣೆ 15 ದಿನ ಮಾತ್ರ. ಹದಿನಾರನೆಯ ದಿನ ರೋಗಿಯ ರಕ್ತ ಅವನ ಸ್ವಂತ ಖರ್ಚು.

ಸಣ್ಣ ವ್ಯಾಪಾರಿಗೆ ಇಷ್ಟೂ ಇಲ್ಲ. ಅವನು ಇ.ಎಸ್.ಐ. ಕಾರ್ಮಿಕನಲ್ಲ, ಅನೇಕ ವೇಳೆ ಬಡತನದ ಕಾರ್ಡಿನವನೂ ಅಲ್ಲ. ದುಡ್ಡು ಕಟ್ಟಿ ವಿಮೆ ಮಾಡಿಸಿದ್ದರೆ ಆಸ್ಪತ್ರೆ ಬಿಟ್ಟ ಮೇಲೆ ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೆ ಅದರ ಬಾಗಿಲು ಮುಚ್ಚುತ್ತದೆ. ಅಂಗಡಿಯ ಬಾಗಿಲೂ ಮುಚ್ಚಿರುತ್ತದೆ. ಸಾಲ ಕೊಟ್ಟವನ ಬಾಗಿಲು ಮಾತ್ರ ತೆರೆದೇ ಇರುತ್ತದೆ.

ನೌಕರಿಯ ರಕ್ಷಣೆಯೂ ಇದೇ ರೀತಿ. ಅಂಗವೈಕಲ್ಯವುಳ್ಳವರ ಹಕ್ಕುಗಳ 2016ರ ಕಾಯಿದೆ ಎಂ.ಎಸ್. ರೋಗವನ್ನು ಹೆಸರಿಸಿ ಸೇರಿಸಿತು. ಸೇವೆಯಲ್ಲಿರುವಾಗ ಅಂಗವಿಕಲನಾದವನನ್ನು ತೆಗೆದುಹಾಕುವಂತಿಲ್ಲ ಎಂದೂ ಬರೆಯಿತು. ಯಾರಿಗೆ? ಸರಕಾರಿ ಸಂಸ್ಥೆಗಳ ನೌಕರರಿಗೆ. ಗಿರಣಿಯ ನರ ಬೇರೆ, ಕಚೇರಿಯ ನರ ಬೇರೆಯೇ?

ಕೆಲವು ಆಕ್ಷೇಪಗಳು

ಲಕ್ಷಕ್ಕೆ 8 ಮಂದಿಗಾಗಿ, ಅವರಲ್ಲಿಯೂ ಕಸಿ ಬೇಕಾಗುವ ಕೆಲವರಿಗಾಗಿ ನಿಯಮ ತಿದ್ದಬೇಕೇ ಎಂದು ಕೇಳುವವರಿದ್ದಾರೆ. ಸಂಖ್ಯೆ ಚಿಕ್ಕದಾದರೆ ಖರ್ಚೂ ಚಿಕ್ಕದು. ಹಾಗಿದ್ದ ಮೇಲೆ ಹಿಂಜರಿಕೆ ಏಕೆ? ಅಲ್ಲದೆ ಇದು ಎಂ.ಎಸ್. ಒಂದರ ಮಾತಲ್ಲ. ರಕ್ತದ ಕ್ಯಾನ್ಸರಿಗೆ, ಥಲಸ್ಸೇಮಿಯಾಕ್ಕೆ ಕಸಿ ಮಾಡಿಸಿಕೊಂಡವರೂ ಇದೇ ದಾರಿಯಲ್ಲಿ ನಡೆಯಬೇಕು.

ಇದು ದುಡ್ಡಿನವರ ಚಿಕಿತ್ಸೆ, ಕಾರ್ಮಿಕನಿಗೆ ಏಕೆ ಎನ್ನುವವರೂ ಇದ್ದಾರೆ. ದುಡ್ಡಿನವರ ಚಿಕಿತ್ಸೆಯಾಗಿ ಉಳಿದಿರುವುದು ಯಾರಿಂದ? ಕಾವಲಿನ ಎರಡು ವರ್ಷಗಳ ಖರ್ಚನ್ನು ರೋಗಿಯ ತಲೆಗೆ ಕಟ್ಟಿದರೆ ವೈದ್ಯನು ಸಹ ಬಡವನನ್ನು ಕಸಿಗೆ ಆರಿಸಲು ಅಂಜುತ್ತಾನೆ, ಅಂಜಬೇಕಾದದ್ದೇ. ಅರ್ಧ ದಾರಿಯಲ್ಲಿ ಕೈಬಿಟ್ಟ ಕಸಿ ಕಾಯಿಲೆಗಿಂತ ಕೆಟ್ಟದ್ದು.

ಸಲಕರಣೆ ಎಲ್ಲಿದೆ ಎನ್ನುವವರಿಗೆ ನಮ್ಮ ಉತ್ತರ: ಬಹುಪಾಲು ಸರಕಾರದ ಕೈಯಲ್ಲಿಯೇ ಇದೆ. ಸಿಡಿ4 ಕಣಗಳನ್ನು ಎಣಿಸುವ ಪರೀಕ್ಷೆಯನ್ನು ಎಚ್.ಐ.ವಿ. ಪೀಡಿತರಿಗಾಗಿ ಸರಕಾರಿ ಎ.ಆರ್.ಟಿ. ಕೇಂದ್ರಗಳ ಮೂಲಕ ವರ್ಷಗಳಿಂದ ಉಚಿತವಾಗಿ ಮಾಡುತ್ತ ಬಂದಿದ್ದಾರೆ. ಔಷಧವೂ 2004ರಿಂದ ಉಚಿತ. ಅದು ದಯೆಯಿಂದ ಬಂದದ್ದಲ್ಲ, ಕೇಳಿ ಪಡೆದದ್ದು. ಲಸಿಕೆಗಳಾದರೋ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಶೀತಪೆಟ್ಟಿಗೆಯಲ್ಲಿ ಶಿಶುಗಳಿಗಾಗಿ ಕಾದಿವೆ. ರಕ್ತದಲ್ಲಿ ಶಿಶುವಾಗಿರುವ ದೊಡ್ಡವರಿಗೂ ಅದೇ ಪೆಟ್ಟಿಗೆಯನ್ನು ತೆರೆಯಲು ಯಾವ ವಿಜ್ಞಾನ ಅಡ್ಡಿ ಮಾಡುತ್ತದೆ? ಅಡ್ಡಿ ಮಾಡುವುದು ವಿಜ್ಞಾನವಲ್ಲ, ವಯಸ್ಸಿನ ಕಾಲಮು.

ಇನ್ನೊಂದು ಎಚ್ಚರಿಕೆಯ ಮಾತನ್ನು ನಮ್ಮ ಜನರಿಗೇ ಹೇಳಬೇಕಾಗಿದೆ. ‘ಸ್ಟೆಮ್ ಸೆಲ್’ ಎಂಬ ಹೆಸರನ್ನೇ ಫಲಕಕ್ಕೆ ಹಾಕಿ, ಒಂದೆರಡು ಚುಚ್ಚುಮದ್ದಿನಿಂದ ನರಗಳ ಕಾಯಿಲೆ ವಾಸಿ ಎಂದು ಹೇಳಿ ಲಕ್ಷಗಟ್ಟಲೆ ಕೀಳುವ ದಂಧೆ ದೇಶದಲ್ಲಿದೆ. ನಾವು ಮೇಲೆ ವಿವರಿಸಿದ ಚಿಕಿತ್ಸೆ ಅದಲ್ಲ. ಸಿದ್ಧವಾಗದ ಇಂತಹ ಚುಚ್ಚುಮದ್ದುಗಳನ್ನು ಪ್ರಯೋಗದ ಹೊರಗೆ ಚಿಕಿತ್ಸೆಯೆಂದು ಮಾರುವುದು ಸಲ್ಲದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರ ಮಾರ್ಗಸೂಚಿಯಲ್ಲಿ ಹೇಳಿದೆ. ಎಂ.ಎಸ್. ರೋಗವನ್ನೇ ಹೋಲುವ ಎನ್.ಎಂ.ಓ. ಎಂಬ ಕಾಯಿಲೆಯೂ ಉಂಟು. ಒಂದರ ಕೆಲವು ಔಷಧ ಇನ್ನೊಂದಕ್ಕೆ ಹಾನಿ. ಮೊದಲು ಕಾಯಿಲೆ ಯಾವುದೆಂದು ತಿಳಿಯಬೇಕು, ಆಮೇಲೆ ಚಿಕಿತ್ಸೆ. ಮನೆ ಅಡವಿಟ್ಟು ಹೊರಡುವ ಮುನ್ನ ನರರೋಗ ತಜ್ಞರನ್ನು ಕೇಳಿ. ಮಕ್ಕಳಾಗುವ ಶಕ್ತಿಗೆ ಕಸಿಯ ಔಷಧ ಧಕ್ಕೆ ತರಬಹುದೆಂಬುದನ್ನೂ ಕೇಳಿ ತಿಳಿಯಿರಿ.

ನಮ್ಮ ಬೇಡಿಕೆ

ಒಂದು, ಅಸ್ಥಿಮಜ್ಜೆ ಅಥವಾ ತಾಯಿಕಣಗಳ ಕಸಿಯ ಮೇಲೆ ರೋಗನಿರೋಧಕ ಶಕ್ತಿ ಮರಳುವ ಕಾಲವನ್ನು, ಕಾಯಿಲೆ ಯಾವುದೇ ಇರಲಿ, ಇ.ಎಸ್.ಐ. ದೀರ್ಘ ಸೌಲಭ್ಯದ ಪಟ್ಟಿಯಲ್ಲಿ ಸ್ಪಷ್ಟವಾಗಿ ಸೇರಿಸಬೇಕು. ದಿನಗಳನ್ನು ರಕ್ತಪರೀಕ್ಷೆ ನೋಡಿ ವೈದ್ಯನು ನಿಶ್ಚಯಿಸಬೇಕು, ಕ್ಯಾಲೆಂಡರ್ ಅಲ್ಲ.

ಎರಡು, ಆಯುಷ್ಮಾನ್ ಯೋಜನೆಯ 15 ದಿನಗಳ ಹೊಣೆ ಇಂತಹ ರೋಗಿಗಳಿಗೆ ಎರಡು ವರ್ಷವಾಗಬೇಕು. ರಕ್ಷಣೆಯ ಗುಳಿಗೆ ಮತ್ತು ತಪಾಸಣೆ ಅದರೊಳಗೆ ಬರಬೇಕು.

ಮೂರು, ಕಸಿಯಾದ ದೊಡ್ಡವರಿಗೆ ಮರುಲಸಿಕೆ ಮತ್ತು ಸಿಡಿ4 ಪರೀಕ್ಷೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯಬೇಕು. 1848ರಿಂದ ಬಡವರ ಆಸ್ಪತ್ರೆಯಾಗಿ ನಿಂತಿರುವ ನಮ್ಮ ವೆನ್ಲಾಕಿನಲ್ಲಿ ಇದಕ್ಕಾಗಿ ವಾರಕ್ಕೊಂದು ದಿನ ಬೇರೆ ಚೀಟಿ, ಬೇರೆ ಬಾಗಿಲು ಇರಲಿ. ಕೈಗೂಸನ್ನು ಜ್ವರದವರ ಸಾಲಿನಲ್ಲಿ ನಿಲ್ಲಿಸಬಾರದು.

ನಾಲ್ಕು, ಖಾಸಗಿ ಗಿರಣಿ, ಕಾರ್ಖಾನೆಗಳಲ್ಲಿಯೂ ಆ ಎರಡು ವರ್ಷ ನೌಕರಿ ಉಳಿಯಬೇಕು. ಮರಳಿದವರಿಗೆ ಧೂಳು, ಸೆಕೆ ಇಲ್ಲದ ಹಗುರ ಕೆಲಸ ಕೊಡಬೇಕು. ಸಣ್ಣ ವ್ಯಾಪಾರಿಯ ಬ್ಯಾಂಕ್ ಸಾಲದ ಕಂತಿಗೆ ವೈದ್ಯರ ಸರ್ಟಿಫಿಕೇಟಿನ ಮೇಲೆ ಬಿಡುವು ಸಿಗಬೇಕು.

ಐದು, ಇದು ಗಡಿಯ ಮಾತು. ಕಾಸರಗೋಡಿನ ನಮ್ಮ ಜನ ದೊಡ್ಡ ಕಾಯಿಲೆಗೆ ಬರುವುದು ಮಂಗಳೂರಿಗೆ. 2020ರ ಮಾರ್ಚ್ ತಿಂಗಳಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ತಲಪಾಡಿಯಲ್ಲಿ ರೋಗಿಗಳನ್ನು ತಡೆದು ನಿಲ್ಲಿಸಿದ್ದನ್ನು ನಾವು ಮರೆಯುವಂತಿಲ್ಲ. ಎರಡು ವರ್ಷಗಳ ಕಾವಲು ಬೇಕಾದ ರೋಗಿಗೆ ಎರಡು ರಾಜ್ಯಗಳ ಕಾರ್ಡುಗಳ ಜಗಳ ಅಡ್ಡ ಬರಕೂಡದು.

ಇವುಗಳಲ್ಲಿ ಆಕಾಶದ ಚಂದ್ರನನ್ನು ಕೇಳಿದ್ದು ಯಾವುದು? ಚಂದ್ರನಲ್ಲಿಗೆ ಯಂತ್ರ ಕಳುಹಿಸಲು ಶಕ್ತವಾದ ದೇಶಕ್ಕೆ ಒಂದು ಪಟ್ಟಿಗೆ ಒಂದು ಸಾಲು ಸೇರಿಸುವ ಶಕ್ತಿಯಿಲ್ಲವೇ?

ಯೂನಿಯನ್ನಿನ ಮುಂದಿನ ಸಭೆಯಲ್ಲಿ, ವರ್ತಕರ ಸಂಘದ ಮುಂದಿನ ಬೈಠಕ್ಕಿನಲ್ಲಿ ಈ ಐದು ಮಾತುಗಳನ್ನು ಎತ್ತಿರಿ. ನಿಮ್ಮ ಪಕ್ಕದ ಮಗ್ಗದವಳು, ನಿಮ್ಮ ಎದುರಿನ ಅಂಗಡಿಯವನು ಆಸ್ಪತ್ರೆಯಿಂದ ಬಂದು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕುಳಿತಿದ್ದರೆ ‘ಇನ್ನೂ ಎಷ್ಟು ದಿನ?’ ಎಂದು ಕೇಳಬೇಡಿ. ಅದನ್ನು ಕೇಳಬೇಕಾದದ್ದು ಸರಕಾರವನ್ನು. ಕಟ್ಟುವ ಕೆಲಸಕ್ಕೆ ಕಾಲ ಬೇಕೆಂದು ರಕ್ತಕ್ಕೆ ಗೊತ್ತಿದೆ, ದುಡಿದವರಿಗೆ ಗೊತ್ತಿದೆ. ಗೊತ್ತಿಲ್ಲದವರಿಗೆ ಕಲಿಸುವ ಹೊಣೆ ನಮ್ಮದು.